ಮೌಲಾಕಾಕಾ ಮತ್ತು ಮೂವತ್ತೊಂದು ಪಟಗಳು

ಫೋಟೊದ ಮೇಲೆ ಗಾಜು ಇಡುವ ಮೊದಲು ಮೌಲಾಕಾಕಾ ಆ ಫೋಟೊದಲ್ಲಿದ್ದವರಿಗೆ ಒಂದು ಮಾತು ಹೇಳುತ್ತಿದ್ದರು. "ಉಸರು ಹಿಡೀರಿ ಸಾಹೇಬ್ರ, ಗ್ಲಾಸ್ ಹಾಕ್ತೀನಿ." ಹಾಗೆಂದು ತಾವೂ ಉಸಿರು ಬಿಗಿಹಿಡಿದು, ಒರೆಸಿದ ಗಾಜನ್ನು ಎರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಇಳಿಸುತ್ತಿದ್ದರು. ಎದುರಿಗೆ ನಿಂತ ಗಿರಾಕಿಯೂ ಉಸಿರು ಹಿಡಿಯಬೇಕು. ಇಲ್ಲದಿದ್ದರೆ ಕಣ್ಣಿನಲ್ಲೇ ಗದರಿಸುತ್ತಿದ್ದರು. ಬಾಯಿಯ ಹಬೆ ಗಾಜಿನ ಒಳಮೈಗೆ ಕೂತರೆ ಮಳೆಗಾಲದಲ್ಲಿ ಅಲ್ಲಿಂದಲೇ ಬೂಷ್ಟು ಶುರುವಾಗುತ್ತದೆ ಎನ್ನುವುದು ಅವರ ಕಸುಬಿನ ಲೆಕ್ಕ. ಎಂಟು ವರ್ಷದ ನನಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಕಾಕಾ ಹೇಳಿದರೆಂದೇ ಆ ದೊಡ್ಡ ಮನುಷ್ಯರೆಲ್ಲ ಎದೆ ಸೆಟೆಸಿ ಕೂತಿದ್ದಾರೆ ಎಂದುಕೊಂಡಿದ್ದೆ. ಹಳೆಯ ಫೋಟೊಗಳಲ್ಲಿ ಯಾರೂ ನಗದಿರುವುದಕ್ಕೂ ಇದೇ ಕಾರಣ ಎಂದು ಬಹಳ ದಿನ ನಂಬಿದ್ದೆ.

ನನ್ನ ಅಪ್ಪ ನಾಗಾವಿಯ ಕಡೆ ಸಾಲಿ ಮಾಸ್ತರರು. ಜಯಂತಿಗಳಿಗೆ ಬೇಕಾದ ಫೋಟೊಗಳಿಗೆ ಕಟ್ಟು ಹಾಕಿಸಲು ಬೆಟಗೇರಿಗೆ ಬರುವಾಗ ನನ್ನನ್ನೂ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಮಗ್ಗಗಳ ಸದ್ದು ಇನ್ನೂ ನಿಲ್ಲದ ಒಂದು ಓಣಿಯ ತುದಿಗೆ ಮೌಲಾಕಾಕಾನ ಅಂಗಡಿ. ಅಂಗಡಿ ಎಂದರೆ ಅವರ ಮನೆಯ ಪಡಸಾಲೆಯೇ. ಗೋಡೆಗೆ ಒರಗಿಸಿದ ಕಟ್ಟಿಗೆಯ ಪಟ್ಟಿಗಳು, ಅಂಟಿನ ಡಬ್ಬಿ, ಗಾಜು ಕೊರೆಯುವ ವಜ್ರದ ಕಲಮು. ಕಾಕಾ ಎತ್ತರದ ಆಳು, ಸದಾ ಬಗ್ಗಿ ಕೆಲಸ ಮಾಡಿ ಬೆನ್ನು ಸ್ವಲ್ಪ ಬಾಗಿತ್ತು. ಸಣ್ಣ ಮೊಳೆಗಳನ್ನು ತುಟಿಯ ನಡುವೆ ಹಿಡಿದುಕೊಂಡೇ ಮಾತಾಡುತ್ತಿದ್ದರು. ಒಂದೂ ಕೆಳಗೆ ಬೀಳುತ್ತಿರಲಿಲ್ಲ, ಒಂದು ಮಾತೂ ತಡವರಿಸುತ್ತಿರಲಿಲ್ಲ.

ಅವರ ಬಳಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹಿಂದಿನ ಶತಮಾನದ ಮೊದಲ ಭಾಗದವರ ಫೋಟೊಗಳು. ಕವಿಗಳು, ವಿಜ್ಞಾನಿಗಳು, ಗಾಯಕರು, ಜೈಲಿಗೆ ಹೋಗಿ ಬಂದ ಮುಂದಾಳುಗಳು. ಕಾಕಾ ಕಲಿತದ್ದು ನಾಲ್ಕನೆಯ ಇಯತ್ತೆ. ಆ ಜನರ ಬಗ್ಗೆ ಒಂದು ಪುಸ್ತಕವನ್ನೂ ಓದಿರಲಿಲ್ಲ. ಆದರೆ ವಾರಗಟ್ಟಲೆ ಅವರ ಮುಖವನ್ನೇ ನೋಡುತ್ತ ಕೂತು ಎಲ್ಲರನ್ನೂ ತಿಳಿದುಕೊಂಡಿದ್ದರು, ಅಥವಾ ಹಾಗೆಂದು ಭಾವಿಸಿದ್ದರು.

"ಇವರ್ನ ನೋಡಬೇ," ಎಂದು ಒಂದು ಫೋಟೊ ನನ್ನ ಕಡೆ ತಿರುಗಿಸುತ್ತಿದ್ದರು. "ದೊಡ್ಡ ವಿಜ್ಞಾನಿ ಅಂತ. ಕೋಟಿನ ಮ್ಯಾಲಿನ ಗುಂಡಿ ಕೆಳಗ ಹಾಕ್ಯಾರ. ತಲ್ಯಾಗ ಏನೋ ಲೆಕ್ಕ ನಡದಿತ್ತು. ಮನ್ಯಾಗ ಹೇಳವರೂ ಯಾರೂ ಇರಲಿಲ್ಲ ಕಾಣ್ತೈತಿ."

"ಇವರು?"

"ಇವರು ಇಂಜಿನಿಯರು. ಕುರ್ಚಿ ತುದೀಗೆ ಕುಂತಾರ ನೋಡು. ಫೋಟೊ ಮುಗದ ಕೂಡ್ಲೇ ಎದ್ದು ಹೋಗಬೇಕಾಗೇತಿ, ಕೆಲಸ ಬಿಟ್ಟು ಬಂದಾರ. ಈ ಕಡೆ ಇರಾವರು ಗವಾಯಿಗಳು. ಬಾಯಿ ಮುಚ್ಚೇತಿ ಖರೆ, ಗಂಟಲಾ ನೋಡು. ಒಳಗ ಹಾಡಾಕ ಹತ್ಯಾರ."

ಮುಂದೆ ನಾನು ಧಾರವಾಡಕ್ಕೆ ಹೋಗಿ ಎಂ.ಎ. ಓದಿದೆ. ಆ ಮಹನೀಯರ ಜೀವನ ಚರಿತ್ರೆಗಳು ಕೈಗೆ ಬಂದವು. ಕಾಕಾ ಹೇಳಿದ್ದರಲ್ಲಿ ಅರ್ಧ ತಪ್ಪು ಎಂದು ಗೊತ್ತಾಯಿತು. ರಜೆಗೆ ಬಂದಾಗ ಬೇಕೆಂದೇ ಅಂಗಡಿಗೆ ಹೋಗಿ, "ಕಾಕಾ, ಆ ವಿಜ್ಞಾನಿಗೆ ಹೆಂಡತಿ ಇದ್ಲರಿ. ಊಟ, ಅಂಗಿ, ಔಷಧ ಎಲ್ಲಾ ಆಕೀನ ನೋಡತಿದ್ಲಂತ," ಎಂದೆ.

ಕಾಕಾ ಮೊಳೆಗಳನ್ನು ತುಟಿಯಿಂದ ತೆಗೆದು ಸ್ವಲ್ಪ ಯೋಚಿಸಿದರು.

"ಹಂಗಾರ ಅವತ್ತ ಆಕಿ ತವರಮನಿಗೆ ಹೋಗಿರಬೇಕು," ಎಂದರು.

ಆ ದಿನಗಳಲ್ಲೇ ಒಮ್ಮೆ ನಾನು ಕೊರ್ಲಹಳ್ಳಿಯ ಅತ್ತೆಯ ಮನೆಗೆ ಹೊರಟಾಗ ಮುಂಡರಗಿಯ ಬಸ್ಸಿನಲ್ಲಿ ಕಾಕಾ ಸಿಕ್ಕರು. ಮುಖ ಸಣ್ಣದಾಗಿತ್ತು. ಕೇಳಿದರೆ, "ತಪ್ಪು ಮಾಡೀನಿ, ಒಪ್ಪಿಕೊಂಡು ಬರಾಕ ಹೊಂಟೀನಿ," ಎಂದರು. ಹನ್ನೊಂದು ವರ್ಷದ ಹಿಂದೆ ಆ ಕಡೆಯ ಒಂದು ಹೈಸ್ಕೂಲಿಗೆ ಇಬ್ಬರು ಗಡ್ಡದವರ ಫೋಟೊಗಳಿಗೆ ಕಟ್ಟು ಹಾಕಿ ಕೊಟ್ಟಿದ್ದರಂತೆ. ಒಬ್ಬರು ಕವಿ, ಇನ್ನೊಬ್ಬರು ರಸಾಯನ ಶಾಸ್ತ್ರಜ್ಞರು. ಹಿಂದಿನ ದಿನ ಗಾಜು ಬದಲಿಸಲು ಅಲ್ಲಿಗೆ ಹೋದಾಗ ಕೆಳಗೆ ಅಂಟಿಸಿದ ಹೆಸರಿನ ಪಟ್ಟಿಗಳು ಅದಲು ಬದಲಾಗಿದ್ದು ಅವರ ಕಣ್ಣಿಗೆ ಬಿತ್ತು. ಪಟ್ಟಿ ಬರೆದು ಅಂಟಿಸಿದವರು ತಾವೇ. ಹನ್ನೊಂದು ವರ್ಷ ಆ ಸಾಲೆಯ ಮಕ್ಕಳು ಕವಿಯ ಹುಟ್ಟುಹಬ್ಬಕ್ಕೆ ರಸಾಯನ ಶಾಸ್ತ್ರಜ್ಞರಿಗೆ ಹಾರ ಹಾಕಿದ್ದರು. ಹೆಡ್‌ಮಾಸ್ತರರು ಊರಲ್ಲಿರಲಿಲ್ಲವೆಂದು ಹಿಂತಿರುಗಿ, ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಮೊದಲ ಬಸ್ಸು ಹಿಡಿದಿದ್ದರು.

ಅತ್ತೆಯ ಮನೆಗೆ ಆಮೇಲೆ ಹೋದರಾಯಿತೆಂದು ನಾನೂ ಅವರ ಜೊತೆ ಇಳಿದೆ. ಹೆಡ್‌ಮಾಸ್ತರರು ಕೇಳಿ ನಕ್ಕುಬಿಟ್ಟರು.

"ಬಿಡ್ರಿ ಸಾಬ್ರ, ಇಬ್ಬರಿಗೂ ಗಡ್ಡ ಐತಿ. ಇಷ್ಟು ವರ್ಷ ಯಾರೂ ಕೇಳಿಲ್ಲ, ಇನ್ನ ಮ್ಯಾಲೆ ಯಾರ ಕೇಳ್ತಾರ?"

"ಯಾರೂ ಕೇಳಾಂಗಿಲ್ಲರಿ. ಆದ್ರ ಬರದಾಂವ ನಾನು."

ಪಟ್ಟಿ ಬದಲಿಸಿದ್ದಷ್ಟೇ ಸಾಲದೆಂದು ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಎದುರಿಗೆ ನಿಂತು ತಪ್ಪು ತಮ್ಮದೆಂದು ಹೇಳಿದರು. ಸಾಲಿನ ಹಿಂದಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಹಂಗಾರ ನಾ ಕವಿ ಮ್ಯಾಲೆ ಭಾಷಣ ಮಾಡಿ ಫಸ್ಟ್ ಬಂದೀನಲ್ಲರಿ, ಅದು ಯಾರಿಗೆ ಮುಟ್ಟಿತು?" ಮಾಸ್ತರರು ಗದರಿಸುವ ಮೊದಲೇ ಕಾಕಾ ಹೇಳಿದರು: "ಮಾತು ಕವಿಗೆ ಮುಟ್ಟೇತಿ ಯವ್ವಾ. ಹೂವು ಅಷ್ಟ ಆ ಇನ್ನೊಬ್ಬರಿಗೆ ಹೋಗೇತಿ. ಅವರೇನು ಬ್ಯಾಡ ಅಂದಿರೂದಿಲ್ಲ." ಬಯಲೆಲ್ಲ ನಗುವೋ ನಗು.

ಇಂಥ ಮನುಷ್ಯನ ಬಗ್ಗೆ ನಮ್ಮ ಕಡೆ ಈಗ ಉಳಿದಿರುವ ಮಾತು ಒಂದೇ. ಹಟಕ್ಕೆ ಬಿದ್ದು, ಯಾರ ಮಾತೂ ಕೇಳದೆ, ಬೀಳುವ ಕಟ್ಟಡದೊಳಗೆ ನುಗ್ಗಿ ಕೈ ಕಳೆದುಕೊಂಡ ಮುದುಕ. ಶಿರಹಟ್ಟಿಯಲ್ಲಿ ಹಾಗೆ ಹೇಳುತ್ತಾರೆ, ಲಕ್ಷ್ಮೇಶ್ವರದ ತನಕ ಹಾಗೆ ಹೇಳುತ್ತಾರೆ. ಅದು ಸುಳ್ಳು. ಸುಳ್ಳೆಂದು ಗೊತ್ತಿರುವವರು ಇಬ್ಬರೇ ಇದ್ದೆವು.

ಓದು ಮುಗಿದ ಮೇಲೆ ನನಗೆ ಶಿರಹಟ್ಟಿಯ ಒಂದು ಓಣಿಯ ಹಳೆಯ ವಾಚನಾಲಯದಲ್ಲಿ ಗ್ರಂಥಪಾಲಕಿಯ ಕೆಲಸ ಸಿಕ್ಕಿತು. ಊರಿನವರ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. ಕಲ್ಲು ಮಣ್ಣಿನ ಗೋಡೆ, ತೇಗದ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಮೂರು ಗೋಡೆಗಳ ತುಂಬ ಮೂವತ್ತೊಂದು ಪಟಗಳು. ಎಲ್ಲಕ್ಕೂ ಕಟ್ಟು ಹಾಕಿದ್ದು ಕಾಕಾ, ಇಲ್ಲವೇ ಅವರ ತಂದೆ. ಮೂವತ್ತು ಜನ ಗಂಡಸರು, ಒಬ್ಬ ಹೆಂಗಸು. ಆ ಹೆಂಗಸನ್ನು ಊರು ಅಕ್ಕೋರು ಎಂದೇ ಕರೆಯುತ್ತಿತ್ತು. ಹುಡುಗಿಯರು ಸಾಲೆಗೆ ಹೋಗದ ಕಾಲದಲ್ಲಿ ತನ್ನ ಮನೆಯ ಪಡಸಾಲೆಯಲ್ಲೇ ಕೂರಿಸಿ ಅಕ್ಷರ ಕಲಿಸಿದವರು. ನಮ್ಮ ಅಜ್ಜಿಗೆ ಸಹಿ ಮಾಡಲು ಬರುತ್ತಿದ್ದದ್ದು ಅವರಿಂದ. ತೊಡೆಯ ಮೇಲೆ ಬರೆಯುವ ಪಾಟಿ ಇಟ್ಟುಕೊಂಡು, ಸೆರಗು ಹೊದ್ದು ಕೂತ ಫೋಟೊ. ಕಾಕಾ ಅದರ ಧೂಳು ಒರೆಸುತ್ತ ಒಮ್ಮೆ ಹೇಳಿದ್ದರು: "ಈಕಿ ಕ್ಯಾಮರಾ ನೋಡಿಲ್ಲ. ಅದರ ಹಿಂದ ಯಾವದೋ ಹುಡುಗಿ ತಪ್ಪು ಓದಾಕ ಹತ್ಯಾಳ, ಆಕಿನ್ನ ನೋಡ್ಯಾಳ." ಉಳಿದ ಮೂವತ್ತು ಜನರ ಫೋಟೊ ಎಲ್ಲಿ ಬೇಕಾದರೂ ಸಿಗುತ್ತದೆ. ಅಕ್ಕೋರದು ಅದೊಂದೇ. ಮೊಬೈಲಿನಲ್ಲಿ ತೆಗೆಯಲು ಹೋದಾಗಲೆಲ್ಲ ಗಾಜಿನ ಹೊಳಪು ಅಡ್ಡ ಬರುತ್ತಿತ್ತು. ಇನ್ನೊಮ್ಮೆ ಕಟ್ಟು ಬಿಚ್ಚಿಸಿ ತೆಗೆದರಾಯಿತೆಂದು ನಾಲ್ಕು ವರ್ಷ ದೂಡಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ. ಮಾಳಿಗೆ ಸೋರತೊಡಗಿತು. ಮಳೆ ನಿಂತು ಗೋಡೆ ಒಣಗುವ ತನಕ ಯಾರೂ ಒಳಗೆ ಕಾಲಿಡಬಾರದೆಂದು ಸಮಿತಿಯ ಅಧ್ಯಕ್ಷರು ಬೀಗ ಹಾಕಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಕೀಲಿ ನನ್ನ ಕೈಗೆ ಕೊಟ್ಟರು. ಐದನೆಯ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಕಿಟಕಿಯಿಂದ ಇಣುಕಿದರೆ ಅಕ್ಕೋರ ಪಟದ ಮೇಲಿನ ಗೋಡೆ ಕಪ್ಪಾಗಿ ಕಂಡಿತು. ನಾನು ಕಾಕಾಗೆ ಫೋನು ಮಾಡಿದೆ. ಅಧ್ಯಕ್ಷರಿಗೆ ಮಾಡಲಿಲ್ಲ.

ಹತ್ತು ಗಂಟೆಯ ಬಸ್ಸಿಗೆ ಕಾಕಾ ಬಂದರು. ಪಟ ಸುತ್ತಲು ಹಳೆಯ ಸೀರೆಗಳನ್ನು ಚೀಲದಲ್ಲಿ ತುಂಬಿ ತಂದಿದ್ದರು. ಹೊರಗಿನಿಂದಲೇ ಗೋಡೆಗೆ ಬೆರಳಿನ ಗೆಣ್ಣಿನಿಂದ ನಾಲ್ಕು ಕಡೆ ಬಡಿದು, ಕಿವಿ ಇಟ್ಟು ಕೇಳಿದರು. ಮೊಳೆ ಹೊಡೆಯುವ ಮೊದಲು ಅವರು ಹಾಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ.

"ಗ್ವಾಡಿ ನೀರು ಕುಡದೈತಿ. ಇವತ್ತ ಬ್ಯಾಡ ಗಿರಿಜವ್ವಾ. ಎರಡು ದಿನ ಬಿಸಲು ಬೀಳಲಿ."

"ಎರಡು ದಿನದಾಗ ಬಿದ್ದು ಹೋದ್ರ?"

"ಬಿದ್ರ ಪಟ ಬೀಳತಾವ. ನಾವು ಹೊರಗ ಇರ್ತೀವಿ."

"ಅಕ್ಕೋರ ಫೋಟೊ ಮತ್ತ ಎಲ್ಲಿಂದ ತರೂದ್ರಿ ಕಾಕಾ? ನೀವು ಬರದಿದ್ರ ಬ್ಯಾಡ. ನಾನ ಹೋಗ್ತೀನಿ."

ಹಾಗೆಂದು ಬೀಗ ತೆಗೆದೆ. ಚೀಟಿ ನನ್ನ ಕಣ್ಣೆದುರಿಗೇ ಇತ್ತು. ಕಾಕಾ ನನ್ನನ್ನು ಒಂದು ಗಳಿಗೆ ನೋಡಿ ಚಪ್ಪಲಿ ಬಿಟ್ಟರು. "ನನ್ನ ಹಿಂದ ಬಾ. ಮುಂದ ಹೋಗಬ್ಯಾಡ," ಎಂದರು.

ಅಕ್ಕೋರ ಪಟ ಎರಡೇ ನಿಮಿಷದಲ್ಲಿ ಹೊರಗೆ ಬಂತು. ಕಾಕಾ ಅದನ್ನು ಸೀರೆಯಲ್ಲಿ ಸುತ್ತಿ ಎದುರಿನ ಕಟ್ಟೆಯ ಮೇಲೆ ಇಟ್ಟು, "ಆತು, ಕೀಲಿ ಹಾಕು," ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ನನಗೆ ಬಂದುಬಿಟ್ಟಿತ್ತು. "ಉಳದಾವನ್ನೂ ತಗಿಯೂಣ ಕಾಕಾ, ಅರ್ಧ ತಾಸಿನ ಕೆಲಸ," ಎಂದೆ. "ಬ್ಯಾಡ, ಸಾಕು," ಎಂದರು. ನಾನು ಅಷ್ಟರಲ್ಲಿ ಒಳಗೆ ಹೋಗಿದ್ದೆ. ಅವರು ಬೈಯಲಿಲ್ಲ. ಹಿಂದೆ ಬಂದರು.

ಇಪ್ಪತ್ತೇಳು ಪಟಗಳು ಹೊರಗೆ ಬಂದವು. ನಾಲ್ಕು ಉಳಿದಿದ್ದವು. ನಾನು ಇಂಜಿನಿಯರರ ಪಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ನಾನು ನಿಂತಲ್ಲಿಂದ ಹೊಸ್ತಿಲಿಗೆ ಏಳು ಹೆಜ್ಜೆ. ಇದನ್ನು ಆಮೇಲೆ ಎಣಿಸಿದ್ದೇನೆ, ಈಗಲೂ ಎಣಿಸುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯ ಮನೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ನಿಂತರೂ ಮೊದಲು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ನೋಡುತ್ತೇನೆ. ನನ್ನ ಮುಂಗೈ ಮೇಲೆ ಮೇಲಿನಿಂದ ದಾರದ ಹಾಗೆ ಮಣ್ಣು ಸುರಿಯಿತು. ನಾಲ್ಕು ದಿನ ಮಳೆ ಹೊಡೆದ ಮಾಳಿಗೆಯಿಂದ ಇಷ್ಟು ಒಣ ಮಣ್ಣು ಹೇಗೆ ಬಂತು ಎಂದು ಯೋಚಿಸುತ್ತ ನಿಂತೆ. ಖರೆಯೇ ಹೇಳುತ್ತೇನೆ, ಯೋಚಿಸುತ್ತ ನಿಂತೆ.

"ಗಿರಿಜಾ! ಪಟ ಬಿಡು! ನಡಿ!"

ಅವರು ನನ್ನನ್ನು ಬರೀ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ನನ್ನ ಕೈ ಬಿಡಲಿಲ್ಲ. ಕಾಕಾ ಪಟವನ್ನು ಕಸಿದು ಮೂಲೆಗೆ ಎಸೆದರು. ಜೀವನದಲ್ಲಿ ಒಂದು ಫೋಟೊವನ್ನೂ ಮುಖ ಕೆಳಗಾಗಿ ಇಡದ ಮನುಷ್ಯ. ಗಾಜು ಒಡೆದ ಸದ್ದು ಕೇಳಿತು. ಭುಜ ಹಿಡಿದು ನನ್ನನ್ನು ದೂಡಿಕೊಂಡೇ ಬಂದರು. ನಾನು ಹೊರಗಿನ ಮೆಟ್ಟಿಲ ಮೇಲೆ ಬೋರಲು ಬಿದ್ದೆ. ಹಿಂದೆ ಆದ ಸದ್ದು ಸಿಡಿಲಿನ ಹಾಗೆ ಇರಲಿಲ್ಲ. ಯಾರೋ ಭಾರವಾದ ಮನುಷ್ಯ ನಿಟ್ಟುಸಿರು ಬಿಟ್ಟ ಹಾಗಿತ್ತು. ತಿರುಗಿ ನೋಡಿದರೆ ಬರೀ ಧೂಳು. ಧೂಳಿನಲ್ಲಿ ಕಾಕಾ ಹೊಸ್ತಿಲಿಗೆ ಅಡ್ಡ ಬಿದ್ದಿದ್ದರು. ಮೈ ಹೊರಗೆ ಬಂದಿತ್ತು. ಬಲಗೈ ತೊಲೆಯ ಕೆಳಗಿತ್ತು.

"ನಿನಗ ಪೆಟ್ಟಾತೇನು?" ಎಂದು ಕೇಳಿದರು.

ಓಣಿಯವರು ಓಡಿ ಬಂದು ಹಾರೆ ಹಾಕಿ ತೊಲೆ ಎತ್ತಿದರು. ಗದಗಿನ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆಯಬೇಕಾಯಿತು. ಉಳಿದ ಎರಡಕ್ಕೂ ಬಲವಿರಲಿಲ್ಲ. ವಜ್ರದ ಕಲಮು ಹಿಡಿಯುವ ಕೈ ಅದು.

ಮೂರನೆಯ ದಿನ ಅಧ್ಯಕ್ಷರು ನೋಡಲು ಬಂದರು. ನಾನು ಮಂಚದ ಕಾಲಬದಿಗೆ ನಿಂತಿದ್ದೆ. "ಕೀಲಿ ತಗದಾವರು ಯಾರು?" ಎಂದು ಕೇಳಿದರು. ಅದು ನನ್ನನ್ನು ಕೇಳಿದ್ದು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗಬೇಕಿತ್ತು.

"ನಾನರಿ," ಎಂದರು ಕಾಕಾ. "ಗಿರಿಜಾ ಬಾಯಾರು ಬ್ಯಾಡ ಅಂದ್ರು. ನಾನ ಕಸಗೊಂಡು ತಗದ್ನಿ. ನಮ್ಮಪ್ಪ ಕಟ್ಟು ಹಾಕಿದ್ದು ಅಂತ ಮನಸು ತಡೀಲಿಲ್ಲ."

"ಇಷ್ಟು ವಯಸ್ಸಾತು, ಬುದ್ಧಿ ಬ್ಯಾಡೇನ್ರಿ ಸಾಬ್ರ? ಬಾಯಾರ ಜೀವ ಹೋಗಿದ್ರ?"

"ತಪ್ಪಾತ್ರಿ," ಎಂದು ಕಾಕಾ ನಕ್ಕರು.

ಎರಡು ಹೆಸರಿನ ಪಟ್ಟಿ ತಪ್ಪಾಯಿತೆಂದು ನಿದ್ದೆಗೆಟ್ಟು ಮುಂಡರಗಿಯ ತನಕ ಹೋದ ಮನುಷ್ಯ, ತನ್ನ ಮೇಲೆ ತಾನೇ ತಪ್ಪು ಪಟ್ಟಿ ಅಂಟಿಸಿಕೊಂಡದ್ದನ್ನು ನಾನು ನಿಂತು ನೋಡಿದೆ. ಕೆಲಸ ಕಾಯಂ ಆಯಿತು.

ಕೊನೆಯ ಸಲ ಅವರನ್ನು ಕಂಡದ್ದು ಚಳಿಗಾಲದಲ್ಲಿ. ಪಡಸಾಲೆಯಲ್ಲಿ ಅವರ ಮಗಳು ಶಮೀಮ ಗಾಜು ಕೊರೆಯುತ್ತಿದ್ದಳು. ಗಂಡನ ಮನೆಯಿಂದ ಮಕ್ಕಳೊಡನೆ ಬಂದು ಕೆಲಸ ಹಿಡಿದಿದ್ದಳು. ಕಾಕಾ ಪಕ್ಕದಲ್ಲಿ ಕೂತು, "ಒತ್ತಬ್ಯಾಡ, ಬರದಂಗ ಎಳಿ," ಎನ್ನುತ್ತಿದ್ದರು. "ಅಬ್ಬಾ, ಸುಮ್ನ ಕುಂಡ್ರಿ, ನನಗ ಬರ್ತೈತಿ," ಎಂದು ಅವಳು ಸಿಡುಕಿದಳು. ನನ್ನನ್ನು ನೋಡಿ ಕಾಕಾ ಎಡಗೈ ಎತ್ತಿ ತೋರಿಸಿದರು. "ಸಹಿ ಮಾಡೂದು ಕಲ್ಯಾಕ ಹತ್ತೇನಿ. ಬಲಗೈ ನಾಲ್ಕನೇ ಇಯತ್ತೆ ಕಲ್ತಿತ್ತು, ಇದು ಇನ್ನೂ ಒಂದನೇ ಇಯತ್ತೆ."

ಶಮೀಮ ಒಳಗೆ ಹೋದ ಮೇಲೆ ನಾನು ಹೇಳಿದೆ. "ಸಮಿತಿ ಮುಂದ ಖರೆ ಹೇಳ್ತೀನಿ ಕಾಕಾ. ನನಗ ತಡ್ಯಾಕ ಆಗವಲ್ದು. ನೀವ್ಯಾಕ ಹಂಗ ಅಂದ್ರಿ?"

"ಅವತ್ತ ನಿನ್ನ ಮಾರಿ ನೋಡಿದ್ನಲ್ಲ. ಆ ಮಾರಿಗೆ ಇನ್ನೊಂದು ಪೆಟ್ಟು ತಡಿಯೂ ತಾಕತ್ತು ಇರಲಿಲ್ಲ."

"ಈಗ ಹೇಳ್ಲೇನು?"

ಕಾಕಾ ಮಗಳು ಕೊರೆದಿಟ್ಟ ಗಾಜನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. "ಹೇಳೂದಿದ್ರ ಹೇಳು. ನನ್ನ ಕೈ ಬರ್ತೈತಿ ಅಂತ ಹೇಳಬ್ಯಾಡ, ಬರೂದಿಲ್ಲ ಅದು. ನಿನಗ ನಿದ್ದಿ ಬರ್ತೈತಿ ಅಂತ ಹೇಳು." ಆಮೇಲೆ ಒಳಗೆ ಕೂಗಿ ಚಹಾ ತರಿಸಿದರು. ನಾನು ಬಟ್ಟಲು ಹಿಡಿದು ಕೂತೇ ಇದ್ದದ್ದನ್ನು ಕಂಡು, "ಕುಡಿಬೇ, ಆರತೈತಿ," ಎಂದರು.

ಮುಂದಿನ ಸಭೆಯಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆ ಸಭೆ ಮುಂದಕ್ಕೆ ಹೋಯಿತು. ಅದರ ಮುಂದಿನ ಸಭೆಯ ದಿನ ನನಗೆ ಜ್ವರ ಬಂತು, ಅಥವಾ ಬಂತೆಂದು ನಾನೇ ಅಂದುಕೊಂಡೆ. ಒಂದು ಬೆಳಿಗ್ಗೆ ಶಮೀಮಳ ಫೋನು. ನಸುಕಿನ ಫಜರ್ ನಮಾಜಿಗೆ ಎಬ್ಬಿಸಲು ಹೋದರೆ ಅಬ್ಬಾ ಏಳಲಿಲ್ಲ ಎಂದಳು. ಮಣ್ಣಿಗೆ ಹೋದೆ. ಹೆಂಗಸರ ನಡುವೆ ಕೂತು ಬಂದೆ.

ಈ ತಿಂಗಳು ವಾಚನಾಲಯದ ಹೊಸ ಕೋಣೆಯಲ್ಲಿ ಸಭೆ ಸೇರಿತ್ತು. ಉಳಿದ ಇಪ್ಪತ್ತೇಳು ಪಟಗಳನ್ನು ಯಾವ ಗೋಡೆಗೆ ಹಾಕಬೇಕೆಂಬ ವಿಷಯ. ಅಧ್ಯಕ್ಷರು ಮೊದಲು ಎರಡು ಮಾತು ಆಡಿದರು. "ಮೌಲಾಸಾಬ್ರು ಛಲೋ ಮನಶ್ಯಾ. ಹಟ ಒಂದ ಮಾಡಬಾರದಾಗಿತ್ತು. ಬಾಯಾರು ಪಾಪ, ಎಷ್ಟ ಬ್ಯಾಡ ಅಂದ್ರಂತ."

ನಾನು ಎದ್ದು ನಿಂತೆ.

"ಬ್ಯಾಡ ಅಂದಾವರು ಅವರು. ಒಂದ ಸಲ ಅಲ್ಲ, ಎರಡು ಸಲ ಅಂದ್ರು. ಕೀಲಿ ತಗದಾಕಿ ನಾನು. ಕರಸಿದಾಕೀನೂ ನಾನ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಆತು ಬಿಡ್ರಿ ಬಾಯಾರ. ಹೋದವರು ಹೋದ್ರು. ಈಗ್ಯಾಕ ಅದು? ಕುಂಡ್ರಿ."

"ಠರಾವು ಪುಸ್ತಕದಾಗ ಬರಿಸ್ರಿ," ಎಂದೆ.

"ನಿಮ್ಮ ನೌಕರಿ ಪ್ರಶ್ನೆ ಬರ್ತೈತಿ ನೋಡ್ರಿ."

"ಬರ್ಲಿರಿ."

ಠರಾವು ಬರೆಯುವ ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಕಿಟಕಿಯ ಕಡೆ ನೋಡುತ್ತಿದ್ದರು. ಗುಮಾಸ್ತರು ನನ್ನ ಕಡೆ ತಿರುಗಿ, "ಹೆಂಗಂತ ಬರೀಲಿ?" ಎಂದು ಕೇಳಿದರು. ನಾನು ನಿಂತುಕೊಂಡೇ, ಅವರ ಕೈ ನಡೆದಷ್ಟು ನಿಧಾನವಾಗಿ, ಒಂದೊಂದೇ ಮಾತು ಹೇಳತೊಡಗಿದೆ.